ಎರಡು ಲಕ್ಷದ ಸೀಡ್ ಮನಿ: ಬಿದ್ದ ಪ್ರಸ್ತಾವನೆಯೊಂದು ಎದ್ದು ನಿಂತ ಬಗೆ

ಹಿನ್ನೆಲೆ

ಇದು ದಕ್ಷಿಣ ಕರ್ನಾಟಕದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ನಡೆದ ವಿಷಯ. ಒಳಗಿನ ಸಂಶೋಧನಾ ಅನುದಾನಕ್ಕೆ ಅರ್ಜಿ ಹಾಕಿದವರು ಪರಿಸರ ವಿಜ್ಞಾನ ವಿಭಾಗದ ಸಹಾಯಕ ಪ್ರಾಧ್ಯಾಪಕಿ. ಕೆಲಸಕ್ಕೆ ಸೇರಿ ಆಗಿನ್ನೂ ಕೆಲವೇ ವರ್ಷವಾಗಿತ್ತು. ಅರ್ಜಿಗಳನ್ನು ನೋಡುವ ಪರಿಶೀಲನಾ ಸಮಿತಿಯಲ್ಲಿ ನಾನಿದ್ದೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ವಿಶ್ವವಿದ್ಯಾಲಯ, ತಾಲ್ಲೂಕು, ಊರುಗಳ ಹೆಸರು ಬಿಟ್ಟಿದ್ದೇನೆ. ಮೊತ್ತಗಳನ್ನೂ ಕೆಲವು ವಿವರಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ವಿಭಾಗದಲ್ಲಿ ಎಲ್ಲರೂ ಅವರನ್ನು ಮೇಡಂ ಅನ್ನುತ್ತಾರೆ, ಇಲ್ಲೂ ಹಾಗೇ ಇರಲಿ.

ಒಳಗಿನ ಅನುದಾನ ಅಂದರೆ ವಿಶ್ವವಿದ್ಯಾಲಯ ತನ್ನ ಸ್ವಂತ ಹಣದಿಂದ ತನ್ನ ಶಿಕ್ಷಕರ ಸಂಶೋಧನೆಗೆ ಕೊಡುವ ಸಣ್ಣ ಮೊತ್ತ. ಎಲ್ಲರ ಬಾಯಲ್ಲೂ ಅದು ‘ಸೀಡ್ ಮನಿ’. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮಂಡಳಿಯ ಮೌಲ್ಯಮಾಪನದಲ್ಲಿ ಮೂರನೇ ಮಾನದಂಡ ಸಂಶೋಧನೆಗೆ ಸಂಬಂಧಿಸಿದ್ದಾಗಿತ್ತು. ಶಿಕ್ಷಕರಿಗೆ ಸೀಡ್ ಮನಿ ಎಷ್ಟು ಕೊಟ್ಟಿದ್ದೀರಿ ಅಂತ ಅಲ್ಲಿ ನೇರವಾಗಿಯೇ ಕೇಳುತ್ತಿದ್ದರು. ಹಾಗಾಗಿ ಈಗ ಬಹಳ ಕಡೆ ಇಂಥ ಯೋಜನೆ ಇದೆ. ಹಿಂದೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಮೈನರ್ ರಿಸರ್ಚ್ ಪ್ರಾಜೆಕ್ಟ್ ಇತ್ತು. ಹೊಸಬರು ಅದರಲ್ಲೇ ಕೈ ಪಳಗಿಸಿಕೊಳ್ಳುತ್ತಿದ್ದರು. ಆ ಬಾಗಿಲು ಮುಚ್ಚಿತು. ಕೇಂದ್ರದಿಂದ ಸಂಶೋಧನೆಗೆ ಹಣ ಕೊಡುವ ಸಂಸ್ಥೆಯೂ ಬದಲಾಯಿತು: 2023ರ ಕಾಯ್ದೆ ಬಂದಮೇಲೆ ಎಸ್‌ಇಆರ್‌ಬಿ ಹೋಗಿ ಎಎನ್‌ಆರ್‌ಎಫ್ ಬಂತು. ಅಲ್ಲಿ ಸ್ಪರ್ಧೆ ದೇಶದ ದೊಡ್ಡ ದೊಡ್ಡ ಸಂಸ್ಥೆಗಳವರ ಜೊತೆ. ಕೈಯಲ್ಲಿ ಒಂದಿಷ್ಟು ಆರಂಭಿಕ ದತ್ತಾಂಶ ಇಲ್ಲದ ರಾಜ್ಯ ವಿಶ್ವವಿದ್ಯಾಲಯದ ಶಿಕ್ಷಕರಿಗೆ ಅಲ್ಲಿ ನಿಲ್ಲುವುದು ಕಷ್ಟ. ಆ ಆರಂಭದ ದತ್ತಾಂಶ ಹುಟ್ಟಬೇಕಾದ ಜಾಗವೇ ಈ ಸೀಡ್ ಮನಿ. ಅದಕ್ಕೇ ಇದು ಸಣ್ಣ ಮೊತ್ತ ಅಂತ ಹಗುರವಾಗಿ ನೋಡುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಯೋಜನೆಯಲ್ಲಿ ಒಬ್ಬರಿಗೆ ಸಿಗುತ್ತಿದ್ದ ಗರಿಷ್ಠ ಮೊತ್ತ 2 ಲಕ್ಷ ರೂಪಾಯಿ. ಸುತ್ತೋಲೆ ಜುಲೈನಲ್ಲಿ ಬರುತ್ತಿತ್ತು, ಅರ್ಜಿಗೆ ಆಗಸ್ಟ್ ಕೊನೆ. ಖರ್ಚು ಮಾತ್ರ ಮಾರ್ಚ್ 31ರೊಳಗೆ ಮುಗಿಯಬೇಕು.

ಮೊದಲ ಅರ್ಜಿ

ಮೇಡಂ ಅವರ ಮೊದಲ ಪ್ರಸ್ತಾವನೆ ಒಂದು ತಾಲ್ಲೂಕಿನ ಅಂತರ್ಜಲದಲ್ಲಿರುವ ಫ್ಲೋರೈಡ್ ಬಗ್ಗೆ. ಕೊಳವೆಬಾವಿಗಳ ನೀರು ತಂದು ಪರೀಕ್ಷೆ ಮಾಡಿ ನಕ್ಷೆ ಮಾಡುವುದು. ವಿಷಯ ಗಟ್ಟಿಯಾಗಿಯೇ ಇತ್ತು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರಿಗೆ ಫ್ಲೋರೈಡ್ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಹಲ್ಲಿನ ಮೇಲಿನ ಕಂದು ಕಲೆ, ಬಗ್ಗದ ಮಂಡಿ, ಎಲ್ಲ ಕಣ್ಣೆದುರೇ ಇದೆ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) 2012ರ ಕುಡಿಯುವ ನೀರಿನ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲ ಅಂದಾಗ 1.5ರವರೆಗೆ. ಗ್ರಾನೈಟ್, ನೈಸ್ (gneiss) ಕಲ್ಲಿನ ಪದರದಲ್ಲಿ ಆಳಕ್ಕೆ ಕೊರೆದ ಹಾಗೆಲ್ಲ, ಕ್ಯಾಲ್ಸಿಯಂ ಕಮ್ಮಿ ಇರುವ ಕ್ಷಾರದ ನೀರಿಗೆ ಕಲ್ಲಿನ ಫ್ಲೋರೈಡ್ ಸುಲಭವಾಗಿ ಕರಗಿ ಸೇರುತ್ತದೆ.

ಆದರೂ ಅರ್ಜಿ ಬಿತ್ತು. ಬಜೆಟ್ ಪುಟದಲ್ಲಿ 2 ಲಕ್ಷದಲ್ಲಿ 1.4 ಲಕ್ಷ ಸ್ಪೆಕ್ಟ್ರೋಫೋಟೋಮೀಟರ್ ಅನ್ನುವ ಅಳತೆಯ ಉಪಕರಣಕ್ಕೆ ಇಟ್ಟಿದ್ದರು. ಉಳಿದ 60 ಸಾವಿರದಲ್ಲಿ ಓಡಾಟ, ರಾಸಾಯನಿಕ, ಬಾಟಲಿ ಎಲ್ಲ. ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಮಾದರಿ ಸಂಗ್ರಹ ಅಂತ ಬರೆದಿದ್ದರು. ವಿಜ್ಞಾನದ ಲೆಕ್ಕದಲ್ಲಿ ಅದೇ ಸರಿ. ಆದರೆ ಡಿಸೆಂಬರ್‌ನಲ್ಲಿ ಮಂಜೂರಾಗಿ ಮಾರ್ಚ್‌ನಲ್ಲಿ ಮುಗಿಯುವ ಹಣದಲ್ಲಿ ಮೇ ತಿಂಗಳ ನೀರು ಸಿಗುವುದಿಲ್ಲ.

ಸಮಿತಿಯಲ್ಲಿ ನಾವು ಐದು ಜನ. ಫ್ಲೋರೈಡ್ ಬಗ್ಗೆ ಗೊತ್ತಿದ್ದವರು ಒಬ್ಬರು. ಉಳಿದವರು ವಾಣಿಜ್ಯ, ಇತಿಹಾಸ, ಭೌತಶಾಸ್ತ್ರ, ಶಿಕ್ಷಣದ ಕಡೆಯವರು. ಒಳಗಿನ ಅನುದಾನದಲ್ಲಿ ಹೀಗೇ ಇರುತ್ತದೆ. ಅರ್ಜಿ ಹಾಕುವವರು ಹೆಚ್ಚಾಗಿ ಗಮನಿಸದ ಸಂಗತಿ ಇದು. ಇತಿಹಾಸದ ಪ್ರಾಧ್ಯಾಪಕರು ಅರ್ಜಿ ಮಡಚಿಟ್ಟು ಒಂದೇ ಮಾತು ಕೇಳಿದರು: “ಆ ತಾಲ್ಲೂಕಲ್ಲಿ ಫ್ಲೋರೈಡ್ ಇದೆ ಅಂತ ನಮಗೆಲ್ಲ ಗೊತ್ತು. ಇವರು ಕೆಲಸ ಮುಗಿಸಿದ ಮೇಲೆ ಹೊಸದಾಗಿ ಏನು ಗೊತ್ತಾಗುತ್ತೆ?” ಹದಿನೈದು ಪುಟದ ಅರ್ಜಿಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ವಿಷಯ ಗೊತ್ತಿದ್ದ ಸದಸ್ಯರೂ ಅದನ್ನೇ ಬೇರೆ ರೀತಿ ಹೇಳಿದರು. ಅಂತರ್ಜಲದ ಫ್ಲೋರೈಡ್ ಅಳತೆ ಸರ್ಕಾರಿ ಇಲಾಖೆಗಳ ಕೆಲಸದಲ್ಲೇ ಆಗಿದೆ, ಇನ್ನೊಂದು ನಕ್ಷೆ ಯಾಕೆ ಅಂತ.

ಮೇಡಂ ಅವರಿಗೆ ಹೋದದ್ದು ಒಂದು ಸಾಲಿನ ಪತ್ರ: ‘ತಮ್ಮ ಪ್ರಸ್ತಾವನೆಯನ್ನು ಪರಿಗಣಿಸಲಾಗಿರುವುದಿಲ್ಲ.’

ಕಾರಣ ಕೇಳಿದ್ದು

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ವಶೀಲಿ ಇದ್ದವರಿಗೆ ಕೊಟ್ಟರು ಅಂತ ಸ್ಟಾಫ್ ರೂಮಿನಲ್ಲಿ ಎರಡು ದಿನ ಮಾತಾಗುತ್ತದೆ, ಆಮೇಲೆ ಮರೆತುಹೋಗುತ್ತದೆ. ಮೇಡಂ ಸಂಶೋಧನಾ ವಿಭಾಗದ ನಿರ್ದೇಶಕರಿಗೆ ಒಂದು ಪತ್ರ ಬರೆದರು. ದೂರು ಏನೂ ಇರಲಿಲ್ಲ. ಸಮಿತಿ ಸದಸ್ಯರ ಅಭಿಪ್ರಾಯಗಳನ್ನು ಹೆಸರಿಲ್ಲದೆ ಕೊಟ್ಟರೆ ಮುಂದಿನ ವರ್ಷ ತಿದ್ದಿಕೊಂಡು ಹಾಕುತ್ತೇನೆ ಅಂತ ಅಷ್ಟೇ. ಹಾಗೆ ಕೊಡುವ ಪದ್ಧತಿ ಇರಲಿಲ್ಲ. ಕೊಡಬಾರದು ಅನ್ನುವ ನಿಯಮವೂ ಇರಲಿಲ್ಲ. ನಿರ್ದೇಶಕರು ಒಪ್ಪಿದರು. ನಮ್ಮ ಅಭಿಪ್ರಾಯಗಳನ್ನು ಒಂದು ಪುಟಕ್ಕೆ ಇಳಿಸಿ ಕಳಿಸಿದೆವು.

ಈ ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ನಿರ್ಧಾರ ಯಾವುದು ಅಂತ ಕೇಳಿದರೆ ಆ ಪತ್ರವನ್ನೇ ತೋರಿಸುತ್ತೇನೆ. ಹೊರಗಿನ ದೊಡ್ಡ ಸಂಸ್ಥೆಗಳಿಂದ ಕಾರಣ ಪಡೆಯುವುದು ಕಷ್ಟ. ಒಳಗಿನ ಸಮಿತಿ ಪಕ್ಕದ ಕಟ್ಟಡದಲ್ಲೇ ಇರುತ್ತದೆ. ಕೇಳಿದರೆ ಹೇಳುವ ಜನವೇ. ಸುಮ್ನೆ ಕೂತರೆ ಯಾರೂ ಬಂದು ಹೇಳುವುದಿಲ್ಲ.

ಪ್ರಶ್ನೆ ಬದಲಾದದ್ದು

ಆ ಚಳಿಗಾಲ ಮೇಡಂ ಎಂಎಸ್ಸಿ ವಿದ್ಯಾರ್ಥಿಗಳನ್ನು ಅದೇ ತಾಲ್ಲೂಕಿನ ಒಂದು ಹಳ್ಳಿಗೆ ಕ್ಷೇತ್ರಕಾರ್ಯಕ್ಕೆ ಕರೆದುಕೊಂಡು ಹೋಗಿದ್ದರು. ಊರ ಮುಂದೆ ಶುದ್ಧ ಕುಡಿಯುವ ನೀರಿನ ಘಟಕ. ಕಾಯಿನ್ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನ್ ತುಂಬುತ್ತದೆ. ಒಬ್ಬ ಹೆಂಗಸು ಕ್ಯಾನ್ ತುಂಬಿಸಿ ಪಕ್ಕಕ್ಕಿಟ್ಟು, ಎದುರಿನ ನಲ್ಲಿಯಲ್ಲಿ ಎರಡು ಬಿಂದಿಗೆ ಹಿಡಿಯುತ್ತಿದ್ದರು. ಆ ನಲ್ಲಿಗೆ ಬರುವುದು ಕೊಳವೆಬಾವಿಯ ನೀರು. “ಇದು ಯಾತಕ್ಕಮ್ಮ?” ಅಂತ ಮೇಡಂ ಕೇಳಿದರು. “ಕುಡಿಯಾಕೆ ಫಿಲ್ಟ್ರು ನೀರು, ಅಡುಗೆಗೆ ಈ ನೀರೇ. ಐದು ರೂಪಾಯಿ ನೀರಲ್ಲಿ ಎಸರಿಡಕ್ಕಾಯ್ತದಾ ಮೇಡಮ್ಮೋರೇ?”

ಎರಡನೇ ಅರ್ಜಿಯ ಪ್ರಶ್ನೆ ಹುಟ್ಟಿದ್ದು ಅಲ್ಲಿ. ಘಟಕ ಇರುವ ಹಳ್ಳಿಯಲ್ಲಿ ಕುಡಿಯುವ ನೀರು ಸುಧಾರಿಸಿದೆ ಅಂತ ಕಾಗದದಲ್ಲಿ ಲೆಕ್ಕ. ಮುದ್ದೆ, ಸಾರು, ಅನ್ನದ ಮೂಲಕ ಎಷ್ಟು ಫ್ಲೋರೈಡ್ ಒಳಗೆ ಹೋಗುತ್ತಿದೆ? ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ರಾಗಿ ಹಿಟ್ಟು ಎಸರನ್ನೆಲ್ಲ ಹೀರಿಕೊಳ್ಳುತ್ತದೆ. ಅನ್ನ ಬಸಿದಂತೆ ಮುದ್ದೆಯಲ್ಲಿ ಬಸಿಯುವುದಕ್ಕೇನೂ ಇಲ್ಲ, ಅಲ್ವಾ?

ಮುಂದಿನ ಜುಲೈನಲ್ಲಿ ಬಂದ ಅರ್ಜಿ ಆರೇ ಪುಟ. ಮೊದಲ ಪ್ಯಾರಾದಲ್ಲೇ ಈ ಪ್ರಶ್ನೆ ಇತ್ತು. ವಾಣಿಜ್ಯದ ಪ್ರಾಧ್ಯಾಪಕರಿಗೂ ಮೊದಲ ಓದಿಗೇ ಅರ್ಥವಾಯಿತು. ಎರಡು ಹಳ್ಳಿ, ನಲವತ್ತು ಮನೆ, ಅಡುಗೆಗೆ ಬಳಸುವ ನೀರು ಮತ್ತು ಬೇಯಿಸಿದ ಆಹಾರದ ಮಾದರಿ. ಅಷ್ಟೇ.

ಬಜೆಟ್ ಪುಟ ನೋಡಿ ನನಗೆ ನಿಜವಾಗಿ ಸಂತೋಷವಾಯಿತು. ಫ್ಲೋರೈಡ್ ಅಳೆಯಲು ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್ (ನೀರಿನಲ್ಲಿ ಅದ್ದಿ ಒಂದೇ ಬಗೆಯ ಅಯಾನನ್ನು ಅಳೆಯುವ ಕಡ್ಡಿ) ಬಳಸುವ ವಿಧಾನವಿದೆ. ಅದಕ್ಕೆ ಬೇಕಾದ ಮೀಟರ್ ರಸಾಯನಶಾಸ್ತ್ರ ವಿಭಾಗದಲ್ಲಿ ಇತ್ತು, ಎಲೆಕ್ಟ್ರೋಡ್ ಕೆಟ್ಟು ಕಪಾಟು ಸೇರಿತ್ತು. ಮೇಡಂ ಆ ವಿಭಾಗದ ಮುಖ್ಯಸ್ಥರ ಜೊತೆ ಮಾತಾಡಿ ಒಪ್ಪಿಗೆ ಪತ್ರ ತಂದು ಲಗತ್ತಿಸಿದ್ದರು. ಎಲೆಕ್ಟ್ರೋಡ್ ನಾನು ಕೊಳ್ಳುತ್ತೇನೆ, ಮೀಟರ್ ನೀವು ಕೊಡಿ, ಆಮೇಲೆ ಎರಡೂ ವಿಭಾಗದವರು ಬಳಸೋಣ ಅಂತ. ಎಲೆಕ್ಟ್ರೋಡ್‌ಗೆ 45 ಸಾವಿರ, ರಾಸಾಯನಿಕ ಮತ್ತು ಪಾಲಿಥೀನ್ ಬಾಟಲಿಗೆ 25 ಸಾವಿರ, ಓಡಾಟಕ್ಕೆ 40 ಸಾವಿರ, ಕ್ಷೇತ್ರ ಸಹಾಯಕರಿಗೆ 45 ಸಾವಿರ, ಕೆಲವು ಮಾದರಿಗಳನ್ನು ಹೊರಗಿನ ಪ್ರಯೋಗಾಲಯದಲ್ಲಿ ತಾಳೆ ನೋಡಲು 15 ಸಾವಿರ, ಕಂಟಿಂಜೆನ್ಸಿ 10 ಸಾವಿರ. ಒಟ್ಟು 1.8 ಲಕ್ಷ. ಗರಿಷ್ಠ 2 ಲಕ್ಷ ಇದೆ ಅಂತ 2 ಲಕ್ಷವನ್ನೇ ಕೇಳಿರಲಿಲ್ಲ. ಗಾಜಿನ ಬದಲು ಪಾಲಿಥೀನ್ ಬಾಟಲಿ ಯಾಕೆ ಅಂತಲೂ ಅರ್ಧ ಸಾಲು ಇತ್ತು: ಫ್ಲೋರೈಡ್ ಗಾಜಿನ ಜೊತೆ ಸೇರುತ್ತದೆ, ಅಳತೆ ತಪ್ಪುತ್ತದೆ. ಇಂಥ ಅರ್ಧ ಸಾಲುಗಳನ್ನು ಸಮಿತಿಯವರು ನಂಬುತ್ತಾರೆ. ಇವರಿಗೆ ಕೆಲಸ ಗೊತ್ತಿದೆ ಅನ್ನಿಸುತ್ತದೆ.

ಇನ್ನೊಂದು ಮುಂದಾಲೋಚನೆ ನೈತಿಕ ಸಮಿತಿಯದು. ಮನೆಮನೆಗೆ ಹೋಗಿ ಊಟದ ಅಭ್ಯಾಸ ಕೇಳುವುದು ಮನುಷ್ಯರನ್ನು ಒಳಗೊಂಡ ಸಂಶೋಧನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಇದಕ್ಕೆ ನೈತಿಕ ಸಮಿತಿಯ ಪರಿಶೀಲನೆ ಬೇಕು ಅನ್ನುತ್ತದೆ. ಹಣ ಮಂಜೂರಾಗಲಿ, ಆಮೇಲೆ ನೋಡೋಣ ಅಂತ ಕಾಯದೆ ಅರ್ಜಿ ಹಾಕಿದ ತಿಂಗಳಲ್ಲೇ ಅದನ್ನೂ ಹಾಕಿದರು. ಮಂಜೂರಾತಿ ಬರುವ ಹೊತ್ತಿಗೆ ಆ ಒಪ್ಪಿಗೆ ಕೈಯಲ್ಲಿತ್ತು. ಅದೇ ವರ್ಷ ಹಣ ಪಡೆದ ಇನ್ನೊಬ್ಬರ ಯೋಜನೆ ಇದೊಂದಕ್ಕೇ ಫೆಬ್ರವರಿವರೆಗೆ ನಿಂತಿತು.

ಡಿಸೆಂಬರ್‌ನಿಂದ ಮಾರ್ಚ್

ಆದೇಶ ಬಂದದ್ದು ಡಿಸೆಂಬರ್ ಎರಡನೇ ವಾರ. ಅರ್ಜಿಯಲ್ಲಿ ಕೆಲಸಕ್ಕೆ ಆರು ತಿಂಗಳು ಅಂತಿತ್ತು. ಉಳಿದಿದ್ದು ಮೂರೂವರೆ ತಿಂಗಳು. ಮೇಡಂ ಒಂದೇ ವಾರದಲ್ಲಿ ಪರಿಷ್ಕೃತ ವೇಳಾಪಟ್ಟಿ ಕೊಟ್ಟರು. ನಲವತ್ತು ಮನೆ ಮೂವತ್ತಾಯಿತು, ಎರಡು ಸುತ್ತಿನ ಆಹಾರ ಮಾದರಿ ಒಂದು ಸುತ್ತಾಯಿತು. ಏನು ಬಿಟ್ಟಿದ್ದೇನೆ, ಯಾಕೆ ಬಿಟ್ಟಿದ್ದೇನೆ ಅಂತ ಬರೆದು ಸಹಿ ಹಾಕಿಸಿಕೊಂಡರು. ಮಾರ್ಚ್‌ನಲ್ಲಿ ಅರ್ಧಂಬರ್ಧ ಕೆಲಸ ಮಾಡಿ ಕ್ಷಮೆ ಕೇಳುವುದಕ್ಕಿಂತ ಇದು ಎಷ್ಟೋ ವಾಸಿ. ಕಡತದಲ್ಲಿ ಆ ಕಾಗದ ಇದ್ದದ್ದರಿಂದ ಕೊನೆಯ ವರದಿಯಲ್ಲಿ ಯಾರೂ ‘ನಲವತ್ತು ಅಂದಿದ್ರಿ, ಮೂವತ್ತೇ ಮಾಡಿದ್ದೀರಿ’ ಅನ್ನಲಿಲ್ಲ.

ಗಂಟು ಬಿದ್ದದ್ದು ಎಲೆಕ್ಟ್ರೋಡ್ ಖರೀದಿಯಲ್ಲಿ. ಮೂರು ಕೊಟೇಶನ್ ಬೇಕು, ಬಂದದ್ದು ಎರಡು. ಲೆಕ್ಕಪತ್ರ ವಿಭಾಗದಿಂದ ಕಡತ ವಾಪಸ್ ಬಂತು. ಸುಲಭದ ದಾರಿಯೊಂದನ್ನು ಯಾರೋ ಹೇಳಿಕೊಟ್ಟರು: ಈ ವಸ್ತು ಒಂದೇ ಕಂಪನಿಯಲ್ಲಿ ಸಿಗುವುದು ಅಂತ ಪ್ರಮಾಣಪತ್ರ ಬರೆದುಕೊಡಿ, ಒಂದೇ ಕೊಟೇಶನ್ ಸಾಕು. ಮೇಡಂ ಒಪ್ಪಲಿಲ್ಲ. ಫ್ಲೋರೈಡ್ ಎಲೆಕ್ಟ್ರೋಡ್ ಮಾಡುವ ಕಂಪನಿಗಳು ಹಲವು ಇವೆ, ಇಲ್ಲದ್ದನ್ನು ಬರೆಯುವುದು ಹೇಗೆ? ಅದರ ಬದಲು ವಿವರಣೆ ತಿದ್ದಿದರು. ಮೊದಲ ಇಂಡೆಂಟ್‌ನಲ್ಲಿ (ಖರೀದಿಯ ಬೇಡಿಕೆ ಪತ್ರದಲ್ಲಿ) ಒಂದು ಕಂಪನಿಯ ಮಾಡೆಲ್ ನಂಬರನ್ನೇ ಹಾಕಿದ್ದರಿಂದ ಬೇರೆಯವರು ದರ ಕೊಟ್ಟಿರಲಿಲ್ಲ. ಎರಡನೇ ಸಲ ಅಳತೆಯ ವ್ಯಾಪ್ತಿ, ಕನೆಕ್ಟರ್, ಮೀಟರಿಗೆ ಹೊಂದಬೇಕು ಅನ್ನುವ ಷರತ್ತು ಇಷ್ಟನ್ನೇ ಬರೆದರು. ನಾಲ್ಕು ಕೊಟೇಶನ್ ಬಂತು, ದರವೂ ಇಳಿಯಿತು. ಸಮಯ ಮಾತ್ರ ಹೋಯಿತು. ಜನವರಿ ಅದರಲ್ಲೇ ಕಳೆಯಿತು.

ಆ ತಿಂಗಳನ್ನು ಮೇಡಂ ಖಾಲಿ ಬಿಡಲಿಲ್ಲ. ವಿಭಾಗದ ಹಳೇ ಕಲರಿಮೀಟರ್‌ನಲ್ಲಿ ಸ್ಪಾಡ್ನ್ಸ್ ವಿಧಾನದಿಂದ (ಬಣ್ಣ ಮಾಸುವುದನ್ನು ನೋಡಿ ಫ್ಲೋರೈಡ್ ಅಳೆಯುವುದು) ನೀರಿನ ಮಾದರಿಗಳನ್ನು ನೋಡಿದರು. ಆ ವಿಧಾನ ಲೀಟರಿಗೆ 1.4 ಮಿಲಿಗ್ರಾಂವರೆಗೆ ಮಾತ್ರ ನೇರವಾಗಿ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ನೀರನ್ನು ತೆಳು ಮಾಡಿ ಮತ್ತೆ ನೋಡಬೇಕು. ಕ್ಷಾರ ಜಾಸ್ತಿ ಇರುವ ನೀರಿನಲ್ಲಿ ಅಡ್ಡಿಯೂ ಬರುತ್ತದೆ. ಆದರೂ ಫೆಬ್ರವರಿಯಲ್ಲಿ ಎಲೆಕ್ಟ್ರೋಡ್ ಬಂದಮೇಲೆ ಅವೇ ಮಾದರಿಗಳನ್ನು ಮತ್ತೆ ಅಳೆದಾಗ ಎರಡು ವಿಧಾನಗಳ ಹೋಲಿಕೆ ತಾನಾಗಿ ಸಿಕ್ಕಿತು. ಮುಂದೆ ಪ್ರಬಂಧಕ್ಕೆ ಅದೇ ಬಲವಾಯಿತು.

ಹಳ್ಳಿ ಓಡಾಟದಲ್ಲಿ ಇನ್ನೊಂದು ತೊಡಕು. ಬಾಡಿಗೆ ಆಟೋದವರು ಜಿಎಸ್‌ಟಿ ಬಿಲ್ಲು ಕೊಡುವುದಿಲ್ಲ. ಮೇಡಂ ಮೊದಲೇ ಹಣಕಾಸು ಅಧಿಕಾರಿಗಳನ್ನು ಕಂಡು ಯಾವ ನಮೂನೆಯ ರಸೀದಿ ಒಪ್ಪುತ್ತೀರಿ ಅಂತ ಕೇಳಿ, ಅದರಂತೆ ವೋಚರ್ ಮಾಡಿಸಿಕೊಂಡಿದ್ದರು. ಪ್ರತಿ ಸಂಜೆ ಅವತ್ತಿನ ವೋಚರ್ ಅವತ್ತೇ ಬರೆಯುವುದು. ಲೆಕ್ಕಪತ್ರ ವಿಭಾಗದ ವಿಷಯ ನಿರ್ವಾಹಕರು ಇವರಿಗೆ ಸಹಾಯ ಮಾಡಿದ್ದು ಮೆಚ್ಚಬೇಕಾದ ಸಂಗತಿ. ಅವರನ್ನು ಅಡ್ಡಗಾಲು ಹಾಕುವವರು ಅಂತಲೇ ನೋಡುವ ಅಭ್ಯಾಸ ನಮ್ಮ ಶಿಕ್ಷಕರಲ್ಲಿದೆ. ಮೊದಲೇ ಹೋಗಿ ಕೇಳಿದವರಿಗೆ ಅವರು ದಾರಿಯನ್ನೇ ತೋರಿಸುತ್ತಾರೆ.

ಏನಾಯಿತು

ಮಾರ್ಚ್ ಕೊನೆಗೆ ಬಳಕೆ ಪ್ರಮಾಣಪತ್ರ, ಖರ್ಚಿನ ವಿವರ, ಸ್ಟಾಕ್ ರಿಜಿಸ್ಟರ್ ನಮೂದಿನ ಪ್ರತಿ ಎಲ್ಲ ಸಲ್ಲಿಕೆಯಾಯಿತು. ಉಳಿದ ಹಣ ವಾಪಸ್ ಹೋಯಿತು. ಉಳಿಕೆಯಲ್ಲಿ ಹೆಚ್ಚಿನದು ಕ್ಷೇತ್ರ ಸಹಾಯಕರ ಬಾಬ್ತಿನದು. ಅವರನ್ನು ತೆಗೆದುಕೊಳ್ಳಲು ಅನುಮತಿ ಬಂದದ್ದೇ ಫೆಬ್ರವರಿಯಲ್ಲಿ. ಆ ಹಣವನ್ನು ಮುಂದಿನ ವರ್ಷಕ್ಕೆ ಒಯ್ಯಲು ಫೆಬ್ರವರಿಯಲ್ಲೇ ಮನವಿ ಕೊಟ್ಟಿದ್ದರು, ಒಪ್ಪಿಗೆ ಸಿಗಲಿಲ್ಲ.

ಫಲಿತಾಂಶ ಸಣ್ಣದು, ಆದರೆ ಸ್ಪಷ್ಟ. ಮೂವತ್ತೂ ಮನೆಯವರು ಕುಡಿಯಲು ಘಟಕದ ನೀರು ಬಳಸುತ್ತಿದ್ದರು. ಹೆಚ್ಚಿನ ಮನೆಗಳಲ್ಲಿ ಅಡುಗೆಗೆ ನಲ್ಲಿ ನೀರೇ. ಆ ನೀರಿನಲ್ಲಿ ಫ್ಲೋರೈಡ್ 1.5 ದಾಟಿತ್ತು. ನೀರು ಅಳೆದವರು ಮುದ್ದೆಯನ್ನೂ ಅಳೆದಾಗ, ಕುಡಿಯುವ ನೀರಿನ ಲೆಕ್ಕವೊಂದೇ ಸಾಲದು ಅಂತ ತೋರಿತು. ಮೂವತ್ತು ಮನೆಯಿಂದ ಇಡೀ ತಾಲ್ಲೂಕಿನ ಬಗ್ಗೆ ಹೇಳಲಾಗದು ಅಂತ ಮೇಡಂ ವರದಿಯಲ್ಲೇ ಬರೆದರು. ಅವರ ಆ ಎಚ್ಚರ ನನಗೆ ತುಂಬ ಹಿಡಿಸಿತು. ಎರಡೂ ಗ್ರಾಮ ಪಂಚಾಯಿತಿಗಳಿಗೆ ಹೋಗಿ ಫಲಿತಾಂಶವನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಕೊಟ್ಟು, ಓದಿ ಹೇಳಿ ಬಂದರು. ಯೋಜನೆಯ ನಿಯಮದಲ್ಲಿ ಅದು ಇರಲಿಲ್ಲ. ಮನೆಯೊಳಗೆ ಬಿಟ್ಟುಕೊಂಡ ಜನಕ್ಕೆ ಅಷ್ಟಾದರೂ ಸಲ್ಲಬೇಕು.

ಹೊರಗಿನ ಸಂಸ್ಥೆಯೊಂದಕ್ಕೆ ಕಳಿಸಿದ ದೊಡ್ಡ ಪ್ರಸ್ತಾವನೆ ಮೊದಲ ಸಲ ಒಪ್ಪಿಗೆಯಾಗಲಿಲ್ಲ. ಆದರೆ ಬಂದ ಟಿಪ್ಪಣಿಯಲ್ಲಿ ‘ಆರಂಭಿಕ ದತ್ತಾಂಶ ಇಲ್ಲ’ ಅನ್ನುವ ಮಾತು ಇರಲಿಲ್ಲ. ಆರೋಗ್ಯದ ಕಡೆಯಿಂದ ಒಬ್ಬ ಸಹ ಸಂಶೋಧಕರು ಬೇಕು ಅಂದಿದ್ದರು. ಹತ್ತಿರದ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದವರನ್ನು ಸೇರಿಸಿಕೊಂಡು ಈಗ ಮತ್ತೆ ಹಾಕಿದ್ದಾರೆ.

ಇದರಿಂದ ಕಲಿತದ್ದು

ಅರ್ಜಿ ಹಾಕುವವರ ಕಡೆಯಿಂದ ನೋಡಿದರೆ ಎರಡು ಅರ್ಜಿಗಳ ವ್ಯತ್ಯಾಸ ಭಾಷೆಯದ್ದೂ ಅಲ್ಲ, ಪುಟಗಳದ್ದೂ ಅಲ್ಲ. ಮೊದಲನೆಯದು ಒಂದು ಉಪಕರಣದ ಸುತ್ತ ಕಟ್ಟಿದ್ದು, ಎರಡನೆಯದು ಒಂದು ಪ್ರಶ್ನೆಯ ಸುತ್ತ. ಸೀಡ್ ಮನಿಯಲ್ಲಿ ಉಪಕರಣ ಕೊಳ್ಳಲೇಬಾರದು ಅಂತಲ್ಲ. ಆದರೆ ಅದು ಹಣದ ಮುಕ್ಕಾಲು ಪಾಲು ನುಂಗಿದರೆ ಸಂಶೋಧನೆಗೆ ಉಳಿಯುವುದು ಚಿಲ್ಲರೆ. ಪಕ್ಕದ ವಿಭಾಗದಲ್ಲಿ ಏನಿದೆ ಅಂತ ಒಂದು ಸುತ್ತು ಹಾಕಿ ಬಂದರೆ ಎಷ್ಟೋ ಸಲ ಅರ್ಧ ಬಜೆಟ್ ಉಳಿಯುತ್ತದೆ. ಇನ್ನು ವೇಳಾಪಟ್ಟಿ. ಆದೇಶ ತಡವಾದರೆ ಏನು ಬಿಡುತ್ತೇನೆ ಅನ್ನುವುದನ್ನು ಅರ್ಜಿ ಬರೆಯುವಾಗಲೇ ತೀರ್ಮಾನಿಸಿಟ್ಟುಕೊಳ್ಳಬೇಕು.

ವಿಶ್ವವಿದ್ಯಾಲಯಗಳ ಕಡೆಯಿಂದ ನೋಡಿದರೆ ನನಗೆ ಬೇಸರದ ಮಾತೇ ಜಾಸ್ತಿ ಇದೆ. ಜುಲೈನಲ್ಲಿ ಕರೆದು ಡಿಸೆಂಬರ್‌ನಲ್ಲಿ ಕೊಟ್ಟು ಮಾರ್ಚ್‌ನಲ್ಲಿ ಲೆಕ್ಕ ಕೇಳಿದರೆ ಋತುಮಾನ ನೋಡಿ ಮಾಡುವ ಯಾವ ಕೆಲಸವೂ ಆಗುವುದಿಲ್ಲ. ಕೃಷಿ, ನೀರು, ಜಾನಪದ, ಜಾತ್ರೆ, ಶಾಲೆಯ ವರ್ಷ, ಯಾವುದೂ ಆರ್ಥಿಕ ವರ್ಷವನ್ನು ಕೇಳಿ ನಡೆಯುವುದಿಲ್ಲ. ಎಷ್ಟು ಲಕ್ಷ ಕೊಟ್ಟೆವು ಅಂತ ನ್ಯಾಕ್‌ಗೆ ತೋರಿಸುವಷ್ಟೇ ಕಾಳಜಿ ಯಾವ ತಿಂಗಳು ಕೊಟ್ಟೆವು ಅನ್ನುವುದರಲ್ಲೂ ಬೇಕು.

ಈ ಪ್ರಕರಣವಾದ ಮೇಲೆ ನಮ್ಮಲ್ಲಿ ಎರಡು ಬದಲಾವಣೆ ಆಗಿದೆ. ಬಿದ್ದ ಪ್ರತಿ ಅರ್ಜಿಗೂ ಒಂದು ಪುಟದ ಅಭಿಪ್ರಾಯ ಹೋಗುತ್ತದೆ. ಜುಲೈನಲ್ಲಿ ಬರುತ್ತಿದ್ದ ಸುತ್ತೋಲೆ ಈಗ ಏಪ್ರಿಲ್‌ನಲ್ಲೇ ಬರುತ್ತದೆ. ಉಳಿದ ಹಣವನ್ನು ಮುಂದಿನ ವರ್ಷಕ್ಕೆ ಒಯ್ಯುವ ನಿಯಮಕ್ಕಾಗಿ ಸಮಿತಿಯಿಂದ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ಗೆ ಟಿಪ್ಪಣಿ ಹೋಗಿದೆ, ಇನ್ನೂ ತೀರ್ಮಾನ ಆಗಿಲ್ಲ. ಮೇ ತಿಂಗಳ ನೀರನ್ನು ಮೇಡಂ ಅವರ ಒಬ್ಬ ಎಂಎಸ್ಸಿ ವಿದ್ಯಾರ್ಥಿ ತನ್ನ ಪ್ರಾಜೆಕ್ಟ್‌ಗೆ ತಂದು, ಅದೇ ಎಲೆಕ್ಟ್ರೋಡ್‌ನಲ್ಲಿ ಅಳೆಯುತ್ತಿದ್ದಾನೆ.